ಫಿಲ್ಮಿನ ಕೆಳಗಿನ ಸಾಲು

ಅಣ್ಣನ ಎಡಗೈಗೆ ಯಾರೋ ತೊಡಿಸಿದ್ದ ಬಿಳಿ ಗ್ಲೌಸನ್ನು ತಂಗಿ ಒಂದೊಂದೇ ಬೆರಳು ಹಿಡಿದು ಎಳೆಯುತ್ತಿದ್ದಳು. ಐದರಲ್ಲಿ ಮೂರರೊಳಗೆ ಬೆರಳಿತ್ತು, ಎರಡರೊಳಗೆ ಹತ್ತಿ ತುರುಕಿದ್ದರು. ಹತ್ತಿಯವು ಸಲೀಸಾಗಿ ಬಂದವು. ನಿಜವಾದವು ಸೆಟೆದುಕೊಂಡು ಹಟ ಹಿಡಿದವು. ಬದುಕಿದ್ದಾಗ ಇಷ್ಟು ಹಟ ಹಿಡಿದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು.

"ಇರ್ಲಿ ಬಿಡಮ್ಮ," ಎಂದ ಹಾಲ್ ನೋಡಿಕೊಳ್ಳುವವನು. "ಲಾಂಡ್ರಿ ಮ್ಯಾನೇಜರ್ ಸಾಹೇಬ್ರೇ ಕಳಿಸಿದ್ದು. ಜನ ನೋಡೋಕೆ ಬರ್ತಾರೆ, ಚೆನ್ನಾಗಿ ಕಾಣ್ಲಿ ಅಂತ."

"ಚೆನ್ನಾಗಿ ಕಾಣ್ಬೇಕಾಗಿರೋದು ಯಾರು? ಇವನಾ, ಅವರಾ?"

ಅವನಿಗೆ ಈ ಮನೆಯ ರಗಳೆ ಬೇಕಿರಲಿಲ್ಲ. ಹೂವಿನ ಬುಟ್ಟಿ ಎತ್ತಿಕೊಂಡು ಆಚೆ ಹೋದ. ತಂಗಿ ಗ್ಲೌಸನ್ನು ಕಸದ ಡಬ್ಬಿಗೆ ಎಸೆದು, ಮೂರು ಬೆರಳಿನ ಕೈಯನ್ನು ಎದೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಮೇಲಕ್ಕೆ ಇಟ್ಟಳು.

ಅಣ್ಣನಿಗೆ ಐವತ್ತೆಂಟು. ಹುಟ್ಟಿನಿಂದ ಕಿವಿ ಕೇಳದು. ಇಪ್ಪತ್ತಾರು ವರ್ಷ ಒಂದೇ ಲಾಂಡ್ರಿಯಲ್ಲಿ ಆಸ್ಪತ್ರೆಗಳ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಮಡಚಿದವನು. ಮೊನ್ನೆ ಬೆಳಿಗ್ಗೆ ಕೆಲಸಕ್ಕೆ ಹೋಗಲು ಬಸ್ಸಿಗೆ ಕಾಯುತ್ತ ನಿಂತಿದ್ದವನು ಬೆಂಚಿನ ಮೇಲೆ ಕುಸಿದು ಕುಳಿತ, ಮತ್ತೆ ಏಳಲಿಲ್ಲ. ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಹೋಗಿ ಕಾಲವಾಯಿತು. ಉಳಿದವಳು ಈ ತಂಗಿ ಒಬ್ಬಳೇ. ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿ ಬರುತ್ತದೆ ಎಂದು ದಿನವಿಡೀ ಕೂಗುವುದು ಅವಳ ಕೆಲಸ. ಅಣ್ಣನಿಗೆ ಕೇಳದಿದ್ದ ದನಿ ಊರಿಗೆಲ್ಲ ಕೇಳುತ್ತಿತ್ತು.

ಅಣ್ಣನನ್ನು ಒಯ್ಯುವ ಗಾಡಿ ಬರುವುದು ಹನ್ನೆರಡಕ್ಕೆ. ಅಷ್ಟರೊಳಗೆ ಒಂದು ಕೆಲಸ ಆಗಬೇಕಿತ್ತು. ಅವಳ ಕೈಚೀಲದಲ್ಲಿ ಆರು ಅರ್ಜಿಗಳ ನಕಲು ಇದ್ದವು. ಮ್ಯಾನೇಜರ್ ಬರುತ್ತಾನೆ, ಬಂದು ನಾಲ್ಕು ಜನರ ಮುಂದೆ ನಿಂತು ಮಾತಾಡುತ್ತಾನೆ, ಆಗ ಎದ್ದು ಆರನ್ನೂ ಓದಬೇಕು. ಆ ಮನುಷ್ಯ ಈ ಹಾಲಿಗೆ ಬಂದ ಮುಖದಲ್ಲಿ ವಾಪಸು ಹೋಗಬಾರದು. ಅಳುವುದಿದ್ದರೆ ಅದಾದ ಮೇಲೆ ಅಳೋಣ ಎಂದು ತೀರ್ಮಾನ ಮಾಡಿಕೊಂಡೇ ಮನೆಯಿಂದ ಹೊರಟಿದ್ದಳು.

*

ಲಾಂಡ್ರಿಯಲ್ಲಿ ಒಂದು ದೊಡ್ಡ ಇಸ್ತ್ರಿ ಮೆಷಿನ್. ಎರಡು ಬಿಸಿ ರೋಲರ್‌ಗಳ ನಡುವೆ ಹಾಸಿಗೆ ಬಟ್ಟೆ ಹೋಗುತ್ತದೆ. ಈ ಕಡೆ ಒಬ್ಬರು ಕೊಡಬೇಕು, ಆ ಕಡೆ ಒಬ್ಬರು ಹಿಡಿಯಬೇಕು. ಕೊಡುತ್ತಿದ್ದವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಹಿಡಿಯುತ್ತಿದ್ದವನು ಅಣ್ಣ. ಆಮೇಲೆ ಇಬ್ಬರೂ ಬಟ್ಟೆಯ ಎರಡು ತುದಿ ಹಿಡಿದು ಮಡಚುವುದು. ದೊಡ್ಡಕ್ಕನಿಗೆ ಕೈಮಾತು ಬರುತ್ತಿರಲಿಲ್ಲ. ಆದರೆ ಬಟ್ಟೆಯನ್ನು ಒಮ್ಮೆ ಜಗ್ಗಿದರೆ 'ನಿಲ್ಲು', ಎರಡು ಸಲ ಜಗ್ಗಿದರೆ 'ಟೀ ಕುಡಿಯೋಣ' ಎಂದು ಇಬ್ಬರ ನಡುವೆ ಒಪ್ಪಂದ. ಹದಿನೇಳು ವರ್ಷ ಅಷ್ಟರಲ್ಲೇ ಎಲ್ಲ ನಡೆಯಿತು.

ಬಟ್ಟೆ ಸಿಕ್ಕಿಕೊಂಡರೆ ಮೆಷಿನ್ ನಿಲ್ಲಿಸಿ ಕೈಯಿಂದಲೇ ಬಿಡಿಸಬೇಕು. ಮತ್ತೆ ಶುರು ಮಾಡುವ ಮುಂಚೆ ಮೂರು ಸಲ ಗಂಟೆ ಹೊಡೆಯಬೇಕು. ಇದು ಕಾಯ್ದೆ. ಕಿವುಡನಿಗೆ ಗಂಟೆ ಹೊಡೆದರೇನು, ಡೋಲು ಬಡಿದರೇನು? ಗಂಟೆಯ ಜೊತೆಗೆ ಒಂದು ಕೆಂಪು ದೀಪ ಹಾಕಿಸಿಕೊಡಿ ಎಂದು ಅಣ್ಣ ಕೇಳಿದ. ಅರ್ಜಿ ಬರೆದುಕೊಟ್ಟವಳು ತಂಗಿ. ವರ್ಷಕ್ಕೊಂದರಂತೆ ಆರು ಅರ್ಜಿ. ಆಗ ಫ್ಲೋರ್ ಸೂಪರ್‌ವೈಸರ್ ಆಗಿದ್ದ ಈಗಿನ ಮ್ಯಾನೇಜರ್ ಪ್ರತಿ ಸಲವೂ ಅರ್ಜಿ ತೆಗೆದುಕೊಂಡು, ಹೆಬ್ಬೆರಳು ಎತ್ತಿ ತೋರಿಸಿ, ಬೆನ್ನು ತಟ್ಟಿ ಕಳಿಸುತ್ತಿದ್ದ.

ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಟ್ಟೆ ಸಿಕ್ಕಿಕೊಂಡಿತು. ಅಣ್ಣ ರೋಲರ್ ಒಳಗೆ ಕೈ ಹಾಕಿದ್ದ. ಮೆಷಿನ್ ಶುರುವಾಯಿತು. ಎರಡು ಬೆರಳು ಹೋದವು.

ಬೇರೆಯವರಿಗೆ ಎರಡು ಬೆರಳು ಹೋದರೆ ಎರಡು ಬೆರಳು ಹೋದ ಹಾಗೆ. ಕೈಯಲ್ಲೇ ಮಾತಾಡುವವನಿಗೆ ನಾಲಿಗೆಯ ತುದಿಯೇ ಹೋದಂತೆ. ಆಸ್ಪತ್ರೆಯಲ್ಲಿ ಬ್ಯಾಂಡೇಜ್ ಬಿಚ್ಚಿದ ದಿನ ಅವನು ಮೊದಲು ಹೇಳಿದ ಮಾತು ತಂಗಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳು ಎಂದಳು. ಹೇಳಿದ. ಆಗಲೂ ಆಗಲಿಲ್ಲ. ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಅಣ್ಣನ ಜೊತೆ ಕೈಯಲ್ಲೇ ಜಗಳವಾಡಿಕೊಂಡು ಬೆಳೆದವಳು ಮೊದಲ ಸಲ ಅವನ ಮುಂದೆ ಪೆಚ್ಚಾಗಿ ಕುಳಿತಳು. ಮೂರು ಬೆರಳಿನ ಮಾತು ಮತ್ತೆ ಅರ್ಥವಾಗಲು ತಿಂಗಳುಗಳೇ ಹಿಡಿದವು, ಆವತ್ತಿನ ಸಿಟ್ಟು ಇವತ್ತಿಗೂ ಇಳಿದಿರಲಿಲ್ಲ.

ಕಂಪನಿಯ ವರದಿಯಲ್ಲಿ ಗುಂಡಿ ಒತ್ತಿದವರ ಹೆಸರಿರಲಿಲ್ಲ. 'ನಿಯಮದಂತೆ ಮೂರು ಬಾರಿ ಗಂಟೆ ಹೊಡೆಯಲಾಗಿತ್ತು, ಕೆಲಸಗಾರ ಕೇಳಿಸಿಕೊಳ್ಳಲಿಲ್ಲ' ಎಂದು ಬರೆದಿದ್ದರು. ಕಿವುಡ ಕೇಳಿಸಿಕೊಳ್ಳಲಿಲ್ಲವಂತೆ. ಇದನ್ನು ಬರೆದವನೂ ನಗಲಿಲ್ಲ, ಓದಿ ಸಹಿ ಹಾಕಿದವರೂ ನಗಲಿಲ್ಲ. ಯಾರು ಗುಂಡಿ ಒತ್ತಿದ್ದು ಎಂದು ತಂಗಿ ಅಣ್ಣನನ್ನು ಹತ್ತು ಸಲ ಕೇಳಿದಳು. ನೋಡಲಿಲ್ಲ ಎಂದು ಹತ್ತು ಸಲವೂ ತಲೆಯಾಡಿಸಿದ.

*

ಹತ್ತೂವರೆಗೆ ಹಾಲಿನ ಅರವತ್ತು ಕುರ್ಚಿ ತುಂಬಿದವು. ಬಲಗಡೆ ಲಾಂಡ್ರಿಯವರು, ದೊಡ್ಡಕ್ಕ ಅವರ ನಡುವೆ ತಲೆ ತಗ್ಗಿಸಿ ಕುಳಿತಿದ್ದಳು. ಎಡಗಡೆ ಅಣ್ಣನ ಸ್ನೇಹಿತರು, ಎಲ್ಲ ಕಿವಿ ಕೇಳದವರೇ, ಇಪ್ಪತ್ತು ಇಪ್ಪತ್ತೆರಡು ಜನ. ಅವರಲ್ಲಿ ಹಿರಿಯನಾದ ಬಡಗಿ ಮುಂದೆ ಕುಳಿತು ಒಂದೇ ಸಮನೆ ಕಣ್ಣೊರೆಸಿಕೊಳ್ಳುತ್ತಿದ್ದ. ಲಾಂಡ್ರಿಯವರು ಪಿಸುಗುಟ್ಟುತ್ತಿದ್ದರು. ಎಡಗಡೆಯವರು ಕೈಯಲ್ಲಿ ಜೋರಾಗಿಯೇ ಮಾತಾಡುತ್ತಿದ್ದರು, ಅವರಿಗೆ ಪಿಸುಗುಟ್ಟುವ ದರ್ದಿರಲಿಲ್ಲ.

ಮ್ಯಾನೇಜರ್ ಬಂದ. ಬಂದವನೇ ಎರಡೂ ಕೈಯಿಂದ ಬೆಲ್ಟು ಮೇಲಕ್ಕೆಳೆದುಕೊಂಡ. ಹೊಟ್ಟೆ ಮುಂದೆ, ಪ್ಯಾಂಟು ಕೆಳಗೆ, ನಿಮಿಷಕ್ಕೊಂದು ಸಲ ಎಳೆದುಕೊಳ್ಳದಿದ್ದರೆ ಆಗದು. ಕೈಮಾತಿನಲ್ಲಿ ಪ್ರತಿಯೊಬ್ಬನಿಗೂ ಒಂದು ಗುರುತಿನ ಸನ್ನೆ ಇರುತ್ತದೆ, ಅದೇ ಹೆಸರು. ಈ ಮಹಾನುಭಾವನಿಗೆ ಅಣ್ಣ ಇಟ್ಟ ಹೆಸರೇ ಅದು: ಎರಡು ಕೈಯಿಂದ ಬೆಲ್ಟು ಎಳೆದುಕೊಳ್ಳುವುದು. ಅವನ ಹಿಂದೆ ತರಬೇತಿ ವಿಭಾಗದ ಹೆಂಗಸು ಲ್ಯಾಪ್‌ಟಾಪ್ ಹಿಡಿದು ಬಂದಳು.

ಮ್ಯಾನೇಜರ್ ತಂಗಿಯ ಕೈ ಹಿಡಿದುಕೊಂಡು, ನನ್ನ ಸ್ವಂತ ತಮ್ಮ ಹೋದ ಹಾಗಾಗಿದೆ ಎಂದ. ಅವರಿಂದ ನಾವು ಕಲಿತದ್ದು ಎಷ್ಟೋ ಎಂದ. ಅವರ ಫಿಲ್ಮು ತಂದಿದ್ದೇವೆ, ಗೋಡೆಯ ಟೀವಿಯಲ್ಲಿ ಆರು ನಿಮಿಷ ಹಾಕುತ್ತೇವೆ, ಆಮೇಲೆ ನಾನು ಎರಡು ಮಾತಾಡುತ್ತೇನೆ, ಅಭ್ಯಂತರ ಇಲ್ಲ ತಾನೆ ಎಂದು ಕೇಳಿದ.

ತಂಗಿಗೆ ಮೈಯೆಲ್ಲ ಉರಿಯಿತು. ಆದರೂ ಹಾಕಿ ಎಂದಳು. ಮೊದಲು ಇವನು ಏರುವಷ್ಟು ಮೇಲಕ್ಕೆ ಏರಲಿ. ಎತ್ತರದಿಂದ ಬಿದ್ದರೇ ಪೆಟ್ಟು ಜೋರು.

*

ಆ ಫಿಲ್ಮಿಗೂ ಒಂದು ಕತೆಯಿದೆ. ಬೆರಳು ಹೋದ ಮೇಲೆ ಮೇಲಿನಿಂದ ಯಾರೋ ಏನಾದರೂ ಮಾಡಿ ಎಂದರಂತೆ. ದೀಪ ಹಾಕಿಸಬಹುದಿತ್ತು. ಅದರ ಬದಲು ಆ ಸೂಪರ್‌ವೈಸರ್ ಒಂದು ತರಬೇತಿ ಶುರು ಮಾಡಿದ. ಅಂಗವೈಕಲ್ಯದ ಬಗ್ಗೆ ಸಹೋದ್ಯೋಗಿಗಳಿಗೆ ಅರಿವು ಮೂಡಿಸುವುದು, ವರ್ಷಕ್ಕೊಂದು ದಿನ. ಎಲ್ಲರೂ ಹತ್ತು ನಿಮಿಷ ಕಿವಿಗೆ ಹತ್ತಿ ಇಟ್ಟುಕೊಂಡು ಸನ್ನೆಯಲ್ಲಿ ಟೀ ಕೇಳಬೇಕು. ಕೇಳಿ, ಬಿದ್ದು ಬಿದ್ದು ನಗಬೇಕು. 'ಮೂಗ' ಎಂದು ಕರೆಯಬಾರದು, 'ಶ್ರವಣ ನ್ಯೂನತೆಯುಳ್ಳ ಸಹೋದ್ಯೋಗಿ' ಎನ್ನಬೇಕು ಎಂದು ಹೇಳಿಕೊಟ್ಟರು. ಅಷ್ಟುದ್ದ ಯಾರ ಬಾಯಲ್ಲೂ ತಿರುಗಲಿಲ್ಲ. ಮೂಗ ಅನ್ನುವಂತಿಲ್ಲ, ಇದು ಬರುವುದಿಲ್ಲ. ಕೊನೆಗೆ ಜನ ಅವನ ಸುದ್ದಿ ಎತ್ತುವುದನ್ನೇ ಬಿಟ್ಟರು.

ತರಬೇತಿಯಲ್ಲಿ ತೋರಿಸಲು ಅಣ್ಣನದೊಂದು ಫಿಲ್ಮು ತೆಗೆಯಬೇಕೆಂದಾಗ, ನಾನು ರಜೆ ಹಾಕಿ ಬಂದು ಅವನ ಮಾತನ್ನು ಹೇಳುತ್ತೇನೆ ಎಂದು ತಂಗಿ ಫೋನು ಮಾಡಿದ್ದಳು. ಸೂಪರ್‌ವೈಸರ್ ನಕ್ಕಿದ್ದ. "ಭಾವನೆಗೆ ಭಾಷೆ ಯಾಕಮ್ಮ? ಮುಖ ನೋಡಿದ್ರೇ ಗೊತ್ತಾಗುತ್ತೆ. ಕೆಳಗಡೆ ಹಾಕೋ ಸಾಲು ನಾನೇ ಬರೀತೀನಿ."

ಫಿಲ್ಮು ಅವನಿಗೆ ಅದೃಷ್ಟ ತಂದಿತು. ಕಂಪನಿಯ ಬೇರೆ ಬೇರೆ ಶಾಖೆಗಳಲ್ಲೆಲ್ಲ ತೋರಿಸಿದರು, ಶಾಲು ಹೊದಿಸಿದರು, ಮ್ಯಾನೇಜರ್ ಮಾಡಿದರು. ಹೊರಗಿನವರಿಗೆ ಕೊಡುವಂತಿರಲಿಲ್ಲ, ಹಾಗಾಗಿ ತಂಗಿ ಅದನ್ನು ನೋಡಿರಲಿಲ್ಲ. ನೋಡುವ ಆಸೆಯೂ ಇರಲಿಲ್ಲ. ಅವಳಿಗೆ ಸಿಟ್ಟಿದ್ದುದು ಅಣ್ಣನ ಮೇಲೆ. ತರಬೇತಿಯ ದಿನ ಬಂತೆಂದರೆ ಅವನು ಹೊಸ ಅಂಗಿ ಹಾಕಿಕೊಂಡು, ಕೂದಲಿಗೆ ನೀರು ಸವರಿಕೊಂಡು, ಮದುವೆಗೆ ಹೊರಟವನ ಹಾಗೆ ಹೊರಡುತ್ತಿದ್ದ.

"ನಿಂಗೆ ಮಾನ ಮರ್ಯಾದೆ ಇದೆಯಾ?" ಎಂದು ಒಂದು ವರ್ಷ ಬಾಗಿಲಿಗೆ ಅಡ್ಡ ನಿಂತು ಕೈಯಲ್ಲೇ ಕಿರುಚಿದ್ದಳು. "ಬೆರಳು ತಿಂದೋರ ಮುಂದೆ ವರ್ಷಾ ವರ್ಷಾ ಹೋಗಿ ಹಲ್ಲು ಕಿರೀತೀಯಲ್ಲ."

"ನಂಗೆ ಆ ಫಿಲ್ಮ್ ನೋಡೋಕೆ ಇಷ್ಟ," ಎಂದಿದ್ದ ಅಣ್ಣ. "ಬೆಲ್ಟು ಅದನ್ನ ನೋಡ್ತಾ ಅಳ್ತಾನೆ. ಅದು ಇನ್ನೂ ಇಷ್ಟ."

ದಡ್ಡ ಎಂದು ಬೈದು ನಾಲ್ಕು ತಿಂಗಳು ಅವನ ಮನೆ ಕಡೆ ತಲೆ ಹಾಕಿರಲಿಲ್ಲ. ಆ ನಾಲ್ಕು ತಿಂಗಳು ಈಗ ಎದೆಯ ಮೇಲೆ ಕಲ್ಲಾಗಿ ಕುಳಿತಿದ್ದವು.

*

ಟೀವಿಯಲ್ಲಿ ಅಣ್ಣ ಬಂದ. ಎಂಟು ವರ್ಷ ಚಿಕ್ಕವನು, ಕೂದಲು ಇನ್ನೂ ಕಪ್ಪು. ಸ್ಟೂಲಿನ ಮೇಲೆ ಕುಳಿತು ನೇರವಾಗಿ ನೋಡಿದ. ಹಿಂದೆ ಮೆಲ್ಲಗೆ ಸಂಗೀತ. ಅಣ್ಣನ ಕೈ ಎದ್ದಿತು, ಕೆಳಗೆ ಬಿಳಿ ಅಕ್ಷರಗಳಲ್ಲಿ ಸಾಲು ಮೂಡಿತು: 'ಈ ಸಂಸ್ಥೆ ನನ್ನ ಬದುಕಿಗೆ ಬೆಳಕು ನೀಡಿತು.'

ತಂಗಿ ಸಾಲು ಓದಲಿಲ್ಲ, ಕೈ ನೋಡಿದಳು. ನೋಡಿದವಳು ಕುರ್ಚಿಯ ತುದಿಗೆ ಬಂದಳು. ಎಡಗಡೆ ಬಡಗಿಯ ಅಳು ನಿಂತಿತ್ತು. ಅವನ ಪಕ್ಕದವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಫಕ್ಕನೆ ನಕ್ಕರು. ಲಾಂಡ್ರಿಯವರು ತಿರುಗಿ ನೋಡಿದರು. ಸಾವಿನ ಮನೆಯಲ್ಲಿ ಇದೇನು ನಗು ಎಂದು ಅವರ ಮುಖ. ಮ್ಯಾನೇಜರ್ ಮಾತ್ರ ಟೀವಿ ನೋಡುತ್ತ ಕರವಸ್ತ್ರ ಹೊರಗೆ ತೆಗೆದಿದ್ದ.

ತಂಗಿ ಎದ್ದು ಟೀವಿಯ ಪಕ್ಕಕ್ಕೆ ಹೋದಳು. ಅರ್ಜಿಯ ಚೀಲ ಕುರ್ಚಿಯಲ್ಲೇ ಉಳಿಯಿತು.

"ಅಣ್ಣ ಏನ್ ಹೇಳ್ತಿದಾನೋ ಅದನ್ನ ಹೇಳ್ತೀನಿ," ಎಂದಳು. ಬಸ್ ನಿಲ್ದಾಣದ ದನಿ, ಮೈಕಿಲ್ಲದೆಯೂ ಕೊನೆಯ ಕುರ್ಚಿಗೆ ಮುಟ್ಟಿತು. ಆಮೇಲೆ ಬಸ್ಸಿನ ವೇಳೆ ಓದುವ ಹಾಗೆ, ಏರಿಲ್ಲದೆ ಇಳಿತವಿಲ್ಲದೆ, ಒಂದೊಂದೇ ಹೇಳುತ್ತ ಹೋದಳು.

"ಮೆಷಿನ್ ಮೇಲೆ ಒಂದು ಲೈಟ್ ಹಾಕ್ಸಿ ಅಂತ ಆರು ವರ್ಷ ಬೆಲ್ಟು ಹತ್ರ ಕೇಳ್ದೆ. ಹಾಕ್ಸ್ಲಿಲ್ಲ. ಇವತ್ತು ಒಳ್ಳೇ ಮಾತಾಡು ಅಂತ ನನ್ನ ಮುಖಕ್ಕೇ ಎರಡು ಲೈಟ್ ಹಿಡ್ದಿದಾನೆ."

ಟೀವಿಯಲ್ಲಿ ಅಣ್ಣ ಎರಡೂ ಕೈಯಿಂದ ಇಲ್ಲದ ಬೆಲ್ಟನ್ನು ಮೇಲಕ್ಕೆಳೆದ. ಈ ಸನ್ನೆಯನ್ನು ಲಾಂಡ್ರಿಯವರು ಎಂಟು ವರ್ಷದಿಂದ ನೋಡುತ್ತಿದ್ದರು. ಪಾಪ, ಪ್ಯಾಂಟು ಸಡಿಲವಿರಬೇಕು ಎಂದುಕೊಂಡಿದ್ದರು. ಈಗ ಒಬ್ಬೊಬ್ಬರೇ ಮುಂದಿನ ಸಾಲಿನತ್ತ ತಿರುಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮ್ಯಾನೇಜರನ ಕೈ ತಾನಾಗಿ ಬೆಲ್ಟಿಗೆ ಹೋಗಿತ್ತು.

"ಆವತ್ತು ಗಂಟೆ ಹೊಡೆದ್ರೋ ಇಲ್ವೋ ನಂಗೆ ಗೊತ್ತಿಲ್ಲ. ಗುಂಡಿ ಒತ್ತಿದ್ದು ಯಾರು ಅಂತ ಗೊತ್ತು. ಕೈ ಸಿಕ್ಕಾಕ್ಕೊಂಡಾಗ ತಿರುಗಿ ನೋಡ್ದೆ. ಬೆಲ್ಟಿನ ಕೈ ಗುಂಡಿ ಮೇಲಿತ್ತು. ಮುಖ ಆ ಕಡೆ. ಯಾರ ಜೊತೆಗೋ ಮಾತಾಡ್ಕೊಂಡು ನಗ್ತಿದ್ದ."

ಹೇಳುತ್ತಿದ್ದ ತಂಗಿ ಒಮ್ಮೆ ತಿರುಗಿ ಮಲಗಿದ್ದವನನ್ನು ನೋಡಿದಳು. ನೋಡಲಿಲ್ಲ ಎಂದು ಹತ್ತು ಸಲ ತಲೆಯಾಡಿಸಿದ್ದ ಕಳ್ಳ. ಟೀವಿಯ ಕೆಳಭಾಗದಲ್ಲಿ 'ನನ್ನ ಸಹೋದ್ಯೋಗಿಗಳೇ ನನ್ನ ಕಿವಿಗಳು' ಎಂದು ಸಾಲು ಬಂದು ಹೋಯಿತು.

"ನನ್ನ ತಂಗಿಗೆ ಹೇಳಿಲ್ಲ. ಹೇಳಿದ್ರೆ ಅವಳು ಇವನ ಮನೆ ಬಾಗ್ಲಲ್ಲಿ ಹೋಗಿ ನಿಲ್ತಾಳೆ, ನನ್ನ ಕೆಲಸ ಹೋಗುತ್ತೆ. ನಂಗೆ ಈ ಕೆಲಸ ಇಷ್ಟ. ಅದಕ್ಕೇ ಇಲ್ಲಿ ಹೇಳಿಡ್ತಿದೀನಿ. ಇವನೇ ಎಲ್ಲರಿಗೂ ತೋರಿಸ್ಕೊಂಡು ತಿರುಗ್ಲಿ. ಒಂದಲ್ಲ ಒಂದಿನ ನನ್ನ ಮಾತು ಬಲ್ಲೋರು ಬಂದು ಕೂರ್ತಾರೆ. ನಂಗೇನೂ ಅವಸರ ಇಲ್ಲ."

ಮ್ಯಾನೇಜರ್ ಎದ್ದು ನಿಂತ. ಮುಖ ಕೆಂಪಗಾಗಿತ್ತು, ದನಿ ಮಾತ್ರ ಇನ್ನೂ ನಯವಾಗಿತ್ತು. "ದುಃಖದಲ್ಲಿ ಈಯಮ್ಮ ಏನೇನೋ ಕಟ್ಟಿ ಹೇಳ್ತಿದಾರೆ. ಪಾಪ, ತಪ್ಪು ತಿಳ್ಕೋಬೇಡಿ. ಫಿಲ್ಮ್ ನಿಲ್ಸಿ."

ಅಷ್ಟರಲ್ಲಿ ಬಡಗಿ ಎದ್ದಿದ್ದ. ಬಂದವರು ಹೆಸರು ಬರೆಯಲೆಂದು ಬಾಗಿಲ ಬಳಿ ಇಟ್ಟಿದ್ದ ಪುಸ್ತಕ ಅವನ ಕೈಯಲ್ಲಿತ್ತು. ಒಂದು ಪುಟದ ತುಂಬ ಬರೆದಿದ್ದ. ಅದನ್ನು ನೇರವಾಗಿ ತರಬೇತಿ ವಿಭಾಗದ ಹೆಂಗಸಿಗೆ ಕೊಟ್ಟು, ಬಾಯಿ ತೋರಿಸಿದ, ಓದು ಎಂದು. ಅವಳು ಓದತೊಡಗಿದಳು. ಮೆಷಿನ್ನಿನ ಮೇಲೆ ದೀಪ ಕೇಳಿದೆ, ಈಗ ಮುಖಕ್ಕೆ ಎರಡು ದೀಪ. ಗುಂಡಿಯ ಮೇಲೆ ಅವನ ಕೈ, ಮುಖ ಆ ಕಡೆ, ನಗುತ್ತಿದ್ದ. ತಂಗಿಗೆ ಹೇಳಿಲ್ಲ. ಓದುತ್ತ ಓದುತ್ತ ಅವಳ ದನಿ ಇಳಿಯಿತು. ತಂಗಿ ಹೇಳಿದ್ದರಲ್ಲಿ ಒಂದೇ ಒಂದು ಮಾತನ್ನೂ ಬಡಗಿ ಕೇಳಿಸಿಕೊಂಡಿರಲಿಲ್ಲ, ಕೇಳಿಸಿಕೊಳ್ಳಲು ಅವನಿಗೆ ಕಿವಿಯೇ ಇರಲಿಲ್ಲ. ಇದು ಹಾಲಿನಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

ಮ್ಯಾನೇಜರ್ ಲಾಂಡ್ರಿಯವರ ಕಡೆ ತಿರುಗಿದ. "ಗಂಟೆ ಹೊಡೆದಿತ್ತು. ವರದಿಯಲ್ಲೇ ಇದೆ. ನೀವೆಲ್ಲ ಅಲ್ಲೇ ಇದ್ರಿ."

ಆಗ ದೊಡ್ಡಕ್ಕ ಎದ್ದಳು. ಎದ್ದವಳು ಮ್ಯಾನೇಜರನ್ನು ನೋಡಲಿಲ್ಲ, ಮಲಗಿದ್ದವನ ಮೂರು ಬೆರಳಿನ ಕೈ ನೋಡಿದಳು.

"ಹೊಡೀಲಿಲ್ಲ," ಎಂದಳು. "ನನ್ನನ್ನ ಟ್ರಾಲಿ ತರೋಕೆ ಕಳಿಸಿದ್ರಿ, ನಾಲ್ಕು ಹೆಜ್ಜೆ ಹೋಗಿದ್ದೆ ಅಷ್ಟೆ. ಒಂದು ಸಲಾನೂ ಹೊಡೀಲಿಲ್ಲ. ನಂಗೆ ಕಿವಿ ಇತ್ತು. ಬಾಯಿ ಇರ್ಲಿಲ್ಲ."

ಅವಳ ಹಿಂದೆ ಕುಳಿತಿದ್ದವರಲ್ಲಿ ಇನ್ನೊಬ್ಬ ಹೆಂಗಸು, ನಾನೂ ಇದ್ದೆ ಎಂದಳು. ಬಟ್ಟೆ ಒಗೆಯುವ ಕಡೆಯವನೊಬ್ಬ, ನಮ್ಮ ಕಡೆಗೂ ಗಂಟೆ ಕೇಳಿಸಿರಲಿಲ್ಲ ಎಂದ. ಒಂಬತ್ತು ವರ್ಷ ಒಬ್ಬೊಬ್ಬರೇ ನುಂಗಿಕೊಂಡಿದ್ದು ಹೊರಬಂತು. ಸೇಡು ತೀರಿದರೆ ಎದೆ ಹಗುರಾಗುತ್ತದೆ ಎಂದು ತಂಗಿ ಕೇಳಿದ್ದಳು. ಅದೇನೂ ಆಗಲಿಲ್ಲ. ಇವರ ಮೇಲೂ ಕೋಪ ಬಂತು, ಇಷ್ಟು ದಿನ ಎಲ್ಲಿ ಸತ್ತಿದ್ದಿರಿ ಎಂದು ಕೇಳಬೇಕೆನಿಸಿತು. ಆದರೆ ಮ್ಯಾನೇಜರನ ಮುಖ ಕಂಡಾಗ ಸಂತೋಷವಾಯಿತು, ಹೌದು, ಹಬೆಯಾಡುವ ಸಂತೋಷವೇ ಆಯಿತು. ವರ್ಷಕ್ಕೊಮ್ಮೆ ಅಣ್ಣ ಹೊಸ ಅಂಗಿ ಹಾಕಿಕೊಂಡು ಹೋಗಿ ನೋಡಿ ಬರುತ್ತಿದ್ದುದು ಈ ಮುಖವನ್ನೇ. ಅದು ಅಳುತ್ತ, ಕಣ್ಣೊರೆಸಿಕೊಳ್ಳುತ್ತ, ತನ್ನ ಪಾಪವನ್ನೇ ಮೆಚ್ಚಿಕೊಳ್ಳುತ್ತಿದ್ದಾಗ. ಅಂಥ ಅಣ್ಣನನ್ನು ದಡ್ಡ ಎಂದಿದ್ದಳು.

ಮ್ಯಾನೇಜರ್ ಹೊರಡಲು ನೋಡಿದ. ಸಾಲು ಇಕ್ಕಟ್ಟು. ಎಡಗಡೆಯಿಂದ ಬಂದ ಆರೇಳು ಜನ ದಾರಿಯಲ್ಲಿ ನಿಂತಿದ್ದರು. ಸ್ವಲ್ಪ ಜಾಗ ಬಿಡಿ ಎಂದ. ಇನ್ನೊಂದು ಸಲ ಜೋರಾಗಿ ಕೇಳಿದ. ಅವರು ಶಾಂತವಾಗಿ ಅವನ ಬಾಯನ್ನೇ ನೋಡುತ್ತ ನಿಂತರು. ಲಾಂಡ್ರಿಯವರಲ್ಲಿ ಒಬ್ಬರೂ ಅವನ ಮಾತನ್ನು ದಾಟಿಸಲಿಲ್ಲ. ಅವನು ಕುಳಿತುಕೊಂಡ.

"ಮೊದ್ಲಿಂದ ಹಾಕಮ್ಮ," ಎಂದಳು ದೊಡ್ಡಕ್ಕ ಲ್ಯಾಪ್‌ಟಾಪಿನವಳಿಗೆ. "ಎಂಟು ವರ್ಷ ಕೆಳಗಿನ ಸಾಲು ಓದಿದ್ವಿ. ಇವನನ್ನ ಒಂದು ಸಲಾನೂ ನೋಡಿಲ್ಲ."

ಲ್ಯಾಪ್‌ಟಾಪಿನವಳು ಮ್ಯಾನೇಜರನ್ನು ನೋಡಿದಳು. ಆಮೇಲೆ ಕೈಯಲ್ಲಿದ್ದ ಪುಸ್ತಕ ನೋಡಿದಳು. ಗುಂಡಿ ಒತ್ತಿದಳು. ಸಂಗೀತ ಶುರುವಾಗುತ್ತಿದ್ದಂತೆ ಅದನ್ನು ಪೂರ್ತಿ ತಗ್ಗಿಸಿದಳು.

ಹೂವಿಟ್ಟಿದ್ದ ಮೇಜಿನ ಮೇಲೆ ಒಂದು ಬಿಳಿ ಬಟ್ಟೆ ಹಾಸಿತ್ತು. ದೊಡ್ಡಕ್ಕ ಹೂವನ್ನೆಲ್ಲ ಅಣ್ಣನ ಕಾಲ ಬಳಿ ಸುರಿದು ಅದನ್ನು ಎಳೆದುಕೊಂಡಳು. ನಾನೂ ಇದ್ದೆ ಎಂದಿದ್ದ ಹೆಂಗಸು ಹೇಳದೆಯೇ ಬಂದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಬಟ್ಟೆಯನ್ನು ಬಿಗಿಯಾಗಿ ಜಗ್ಗಿ ಒಂದು ಮಡಿಕೆ ಮಡಚಿದರು, ಎರಡು ಮಡಚಿದರು, ಗೇಣಗಲದ ಪಟ್ಟಿ ಮಾಡಿದರು. ಟೀವಿಯ ಆ ಪಕ್ಕ ಒಬ್ಬಳು, ಈ ಪಕ್ಕ ಒಬ್ಬಳು ನಿಂತು, ಕೆಳಗಿನ ಸಾಲು ಮೂಡುವ ಜಾಗಕ್ಕೆ ಅದನ್ನು ಅಡ್ಡ ಹಿಡಿದರು. ಬಟ್ಟೆಯ ಮೇಲುಗಡೆ ಅಣ್ಣ ಎಲ್ಲರನ್ನೂ ಒಮ್ಮೆ ನೋಡಿ ಕೈ ಎತ್ತಿದ.